ಮರದ ನೆಲಹಾಸು: ಗಟ್ಟಿಮರವೋ, ಲ್ಯಾಮಿನೇಟೋ?

ಮನೆ ನವೀಕರಣದ ಮಾರುಕಟ್ಟೆಯಲ್ಲಿ ವರ್ತಕರು ಅರಿತಿರಬೇಕಾದ ಸಂಗತಿಗಳು

‘ವುಡನ್ ಫ್ಲೋರಿಂಗ್’ ಬೇಕೆಂದು ಅಂಗಡಿಗೆ ಬರುವ ಅನೇಕ ಗ್ರಾಹಕರಿಗೆ ತಾವು ಕೇಳುತ್ತಿರುವುದು ಮರವನ್ನೋ ಮರದ ಚಿತ್ರವನ್ನೋ ಎಂಬುದು ತಿಳಿದಿರುವುದಿಲ್ಲ. ಅವರನ್ನು ದೂಷಿಸುವಂತೆಯೂ ಇಲ್ಲ. ಅಂಗಡಿಯ ಫಲಕದಲ್ಲಿ, ದರಪಟ್ಟಿಯಲ್ಲಿ, ಕೆಲವೊಮ್ಮೆ ಬಿಲ್ಲಿನಲ್ಲಿಯೂ ಇದೊಂದೇ ಹೆಸರಿನಡಿ ಮೂರು ಬೇರೆ ಬೇರೆ ಸರಕುಗಳು ಮಾರಾಟವಾಗುತ್ತಿವೆ. ಇಡೀ ತೇಗದ ಪಟ್ಟಿ ಒಂದು. ಪ್ಲೈವುಡ್ಡಿನ ಮೇಲೆ ನಿಜವಾದ ಮರದ ತೆಳುಪದರ ಅಂಟಿಸಿದ ಎಂಜಿನಿಯರ್ಡ್ ಹಲಗೆ ಇನ್ನೊಂದು. ಮರದ ನಾರನ್ನು ಒತ್ತಿ ತಯಾರಿಸಿದ ಹಲಗೆಯ ಮೇಲೆ ಮುದ್ರಿತ ಕಾಗದವನ್ನು ಹೊದಿಸಿದ ಲ್ಯಾಮಿನೇಟ್ ಮತ್ತೊಂದು. ಗೊಂದಲಕ್ಕೆ ಇನ್ನೊಂದು ಎಳೆಯೂ ಇದೆ: ಬಡಗಿಗಳ ಬಾಯಲ್ಲಿ ‘ಲ್ಯಾಮಿನೇಟ್’ ಎಂದರೆ ಬೀರು, ಮೇಜುಗಳಿಗೆ ಅಂಟಿಸುವ ಮೈಕಾ ಹಾಳೆ. ಆ ಹಾಳೆಗೂ ಈ ನೆಲಹಾಸಿಗೂ ರಾಳದ ಸಂಬಂಧವುಂಟು. ಆದರೆ ಎರಡೂ ಒಂದೇ ಅಲ್ಲ.

ಹೆಸರಿನ ಈ ಗೊಂದಲ ಮಾರಾಟದ ದಿನ ಯಾರಿಗೂ ತೊಂದರೆ ಕೊಡುವುದಿಲ್ಲ. ಮೊದಲ ಮಳೆಗಾಲ ಕಳೆದು ಹಲಗೆಯ ಅಂಚುಗಳು ಉಬ್ಬಿದಾಗ, ಗ್ರಾಹಕರು ಬಿಲ್ಲು ಹಿಡಿದು ಮರಳಿ ಬಂದಾಗ, ಅದರ ಬೆಲೆ ಗೊತ್ತಾಗುತ್ತದೆ. ಆಗ ತಯಾರಕ ಸಂಸ್ಥೆ ದೂರದಲ್ಲಿರುತ್ತದೆ, ಜೋಡಿಸಿದ ಕೆಲಸಗಾರ ಬೇರೆ ಊರಿನ ಕೆಲಸದಲ್ಲಿರುತ್ತಾನೆ. ಕೈಗೆ ಸಿಗುವವನು ವರ್ತಕನೊಬ್ಬನೇ. ಆದುದರಿಂದ ಗಟ್ಟಿಮರ ಹಾಗೂ ಲ್ಯಾಮಿನೇಟುಗಳ ನಡುವಿನ ಆಯ್ಕೆ ಗ್ರಾಹಕರ ಅಭಿರುಚಿಯ ವಿಷಯ ಮಾತ್ರವಲ್ಲ. ಸಣ್ಣ ವರ್ತಕನ ಬಂಡವಾಳಕ್ಕೂ ಹೆಸರಿಗೂ ಸಂಬಂಧಿಸಿದ ವಿಷಯವೂ ಹೌದು.

ಕಲ್ಲು, ಗಾರೆಯ ನಾಡಿನಲ್ಲಿ ಮರದ ನೆಲ

ಕರ್ನಾಟಕದ ಮನೆಗಳ ನೆಲ ಮೂಲತಃ ಮರದ್ದಲ್ಲ. ಉತ್ತರದಲ್ಲಿ ಶಹಾಬಾದಿ ಕಲ್ಲು, ಕರಾವಳಿಯಲ್ಲಿ ಹೆಂಚಿನ ಕಾರ್ಖಾನೆಗಳ ಮಣ್ಣಿನ ಬಿಲ್ಲೆ, ಹಳೆಯ ಮೈಸೂರು ಸೀಮೆಯಲ್ಲಿ ಕೆಂಪು ಗಾರೆ, ಆನಂತರ ಮೊಸಾಯಿಕ್, ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್. ಮರದ ನೆಲವಿದ್ದುದು ಮಲೆನಾಡಿನ ಉಪ್ಪರಿಗೆಗಳಲ್ಲಿ. ಅಲ್ಲಿ ತೊಲೆಗಳ ಮೇಲೆ ಹಲಸು, ಹೆಬ್ಬಲಸು, ಮತ್ತಿ, ನಂದಿ, ಹೊನ್ನೆಯ ದಪ್ಪ ಹಲಗೆಗಳನ್ನು ಹಾಸುತ್ತಿದ್ದರು. ಕೆಳಗಿನಿಂದಲೂ ಮೇಲಿನಿಂದಲೂ ಗಾಳಿಯಾಡುತ್ತಿದ್ದುದರಿಂದ, ನೆಲದ ತೇವ ಹಲಗೆಯನ್ನು ಮುಟ್ಟುವಂತಿಲ್ಲದುದರಿಂದ, ಅವು ತಲೆಮಾರುಗಳ ಕಾಲ ಬಾಳಿದವು. ಮರದ ನೆಲವನ್ನು ಮೇಲಂತಸ್ತಿಗೆ ಮೀಸಲಿಟ್ಟ ಹಿರಿಯರ ಲೆಕ್ಕ ಇಂದಿನ ಗ್ರಾಹಕರಿಗೆ ಹೇಳಿಕೊಡಲು ಯೋಗ್ಯವಾದುದೇ.

ಇಂದು ಮರದ ನೆಲ ಬೇಕೆನ್ನುವವರು ಬಹುತೇಕ ಕಾಂಕ್ರೀಟ್ ಮೇಲೆ, ಅದೂ ಇರುವ ಹಳೆಯ ಟೈಲ್ಸ್ ಅಥವಾ ಮೊಸಾಯಿಕ್ ಮೇಲೆ, ಮನೆಯಲ್ಲಿ ವಾಸವಿದ್ದುಕೊಂಡೇ ಹಾಕಿಸಲು ಬಯಸುವವರು. ಹೊಸ ಮನೆಯ ಕೆಲಸಕ್ಕೂ ನವೀಕರಣದ ಕೆಲಸಕ್ಕೂ ಇರುವ ವ್ಯತ್ಯಾಸವನ್ನು ಮುಂದೆ ನೋಡಬಹುದು. ಅದಕ್ಕೆ ಮೊದಲು ಎರಡೂ ಸರಕುಗಳ ಒಡಲನ್ನು ಅರಿಯುವುದು ಅಗತ್ಯ.

ಲ್ಯಾಮಿನೇಟಿನ ಒಡಲು

ಲ್ಯಾಮಿನೇಟ್ ನೆಲಹಾಸು ಸ್ವೀಡನ್ನಿನ ಪರ್ಸ್ಟಾರ್ಪ್ ಸಂಸ್ಥೆಯ ಸೃಷ್ಟಿ. 1977ರಲ್ಲಿ ರೂಪುಗೊಂಡು ಮುಂದೆ ‘ಪೆರ್ಗೊ’ ಎಂಬ ಹೆಸರಿನಲ್ಲಿ ಯೂರೋಪಿನ, ಆನಂತರ ಅಮೆರಿಕದ ಮನೆಗಳನ್ನು ಸೇರಿತು. ಮೊದಮೊದಲು ಹಲಗೆಗಳನ್ನು ಅಂಟಿನಿಂದ ಜೋಡಿಸಬೇಕಾಗಿತ್ತು. 1990ರ ದಶಕದ ಉತ್ತರಾರ್ಧದಲ್ಲಿ ಸ್ವೀಡನ್ನಿನ ವಾಲಿಂಗೆ ಹಾಗೂ ಬೆಲ್ಜಿಯಂನ ಯುನಿಲಿನ್ ಸಂಸ್ಥೆಗಳು ಅಂಟಿಲ್ಲದೆ ಒಂದಕ್ಕೊಂದು ಕಚ್ಚಿಕೊಳ್ಳುವ ‘ಕ್ಲಿಕ್’ ಜೋಡಣೆಯನ್ನು ತಂದ ಮೇಲೆ ಈ ಸರಕಿನ ವ್ಯಾಪಾರದ ಸ್ವರೂಪವೇ ಬದಲಾಯಿತು. ತರಬೇತಾದ ಇಬ್ಬರು ಒಂದು ಕೋಣೆಯನ್ನು ಒಂದೇ ದಿನದಲ್ಲಿ ಮುಗಿಸಿಕೊಡುವಂತಾಯಿತು.

ಈ ಹಲಗೆಯಲ್ಲಿ ನಾಲ್ಕು ಪದರಗಳು. ಎಲ್ಲಕ್ಕಿಂತ ಮೇಲೆ ಅಲ್ಯುಮಿನಿಯಂ ಆಕ್ಸೈಡ್ ಬೆರೆತ ಮೆಲಮೈನ್ ರಾಳದ ಪಾರದರ್ಶಕ ಪದರ; ಸವೆತವನ್ನು ತಡೆಯುವುದು ಇದೇ. ಅದರ ಕೆಳಗೆ ಮರದ ಎಳೆಗಳನ್ನು ಮುದ್ರಿಸಿದ ಕಾಗದ. ನಡುವೆ ಎಚ್.ಡಿ.ಎಫ್., ಅಂದರೆ ಅಧಿಕ ಸಾಂದ್ರತೆಯ ನಾರುಹಲಗೆ. ತಳದಲ್ಲಿ ಹಲಗೆ ಬಾಗದಂತೆ ಕಾಯುವ ಸಮತೋಲನದ ಪದರ. ಒಟ್ಟು ದಪ್ಪ ಸಾಮಾನ್ಯವಾಗಿ 7ರಿಂದ 12 ಮಿ.ಮೀ.

ಗ್ರಾಹಕರು ಮೊದಲು ಕೇಳುವುದು ದಪ್ಪವನ್ನು. ವರ್ತಕರು ಮೊದಲು ನೋಡಬೇಕಾದುದು ಸವೆತದ ದರ್ಜೆಯನ್ನು. ಯೂರೋಪಿನ ಇ.ಎನ್. 13329 ಮಾನದಂಡದ ಪ್ರಕಾರ ಈ ದರ್ಜೆಗಳನ್ನು ಎ.ಸಿ.1, ಎ.ಸಿ.2 ಎಂದು ಏರುಕ್ರಮದಲ್ಲಿ ಗುರುತಿಸುತ್ತಾರೆ. ಎ.ಸಿ.3 ಎಂದರೆ ಮನೆಯ ಹೆಚ್ಚು ಓಡಾಟದ ಕೋಣೆಗಳಿಗೂ ಹಗುರ ಬಳಕೆಯ ಕಚೇರಿಗೂ ಒಪ್ಪುವಂಥದ್ದು. ಎ.ಸಿ.4 ಸಾಧಾರಣ ವಾಣಿಜ್ಯ ಬಳಕೆಗೆ, ಎ.ಸಿ.5 ಭಾರೀ ಓಡಾಟದ ಮಳಿಗೆಗಳಿಗೆ. ಇದರ ಜೊತೆಗೆ ಪೆಟ್ಟಿಗೆಯ ಮೇಲೆ 23, 31, 32, 33 ಎಂಬ ಬಳಕೆಯ ವರ್ಗದ ಸಂಖ್ಯೆಯೂ ಇರುತ್ತದೆ. 2ರಿಂದ ಆರಂಭವಾದರೆ ಗೃಹಬಳಕೆ, 3ರಿಂದ ಆರಂಭವಾದರೆ ವಾಣಿಜ್ಯ. 12 ಮಿ.ಮೀ. ದಪ್ಪದ, ದರ್ಜೆಯನ್ನೇ ನಮೂದಿಸದ ಹಲಗೆಗಿಂತ 8 ಮಿ.ಮೀ. ದಪ್ಪದ ಎ.ಸಿ.4 ಹಲಗೆ ಮೇಲು. ದಪ್ಪ ಹೆಚ್ಚಿದಷ್ಟೂ ಕಾಲಿಟ್ಟಾಗಿನ ಟೊಳ್ಳು ಸದ್ದು ಕಡಿಮೆಯಾದೀತು, ಜೋಡಣೆ ಗಟ್ಟಿಯಾದೀತು. ಆದರೆ ಮೇಲ್ಮೈಯ ಆಯುಷ್ಯ ದಪ್ಪದಿಂದ ಬರುವುದಲ್ಲ.

ಗಟ್ಟಿಮರ ಎಷ್ಟು ಗಟ್ಟಿ?

‘ಹಾರ್ಡ್‌ವುಡ್’ ಎಂಬ ಮಾತು ಸಸ್ಯಶಾಸ್ತ್ರದ್ದೇ ಹೊರತು ಗಡಸುತನದ ಅಳತೆಯಲ್ಲ. ಅಗಲ ಎಲೆಯ ಮರಗಳೆಲ್ಲವೂ ಈ ಗುಂಪಿಗೆ ಸೇರುತ್ತವೆ. ಆಟಿಕೆಯ ವಿಮಾನಗಳಿಗೆ ಬಳಸುವ ಹತ್ತಿಯಂಥ ಬಾಲ್ಸಾ ಕೂಡ. ನೆಲಹಾಸಿನ ಮರದ ಗಡಸುತನವನ್ನು ಜಂಕಾ ಪರೀಕ್ಷೆಯಿಂದ ಅಳೆಯುತ್ತಾರೆ. 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರಕ್ಕೆ ಒತ್ತಲು ಬೇಕಾದ ಬಲವೇ ಆ ಅಳತೆ. ಅಮೆರಿಕದ ಕೆಂಪು ಓಕ್ ಮರಕ್ಕೆ 1,290 ಪೌಂಡ್ ಬಲ, ಗಟ್ಟಿ ಮೇಪಲ್‌ಗೆ 1,450. ತೇಗಕ್ಕೆ ಬೇಕಾದುದು ಸುಮಾರು 1,000 ಮಾತ್ರ! ತೇಗವೇ ಎಲ್ಲಕ್ಕಿಂತ ಗಟ್ಟಿ ಎಂದು ನಂಬಿರುವ ಗ್ರಾಹಕರಿಗೆ ಇದು ಆಶ್ಚರ್ಯದ ಸಂಗತಿ. ಕುರ್ಚಿಯ ಕಾಲು, ಎತ್ತರ ಹಿಮ್ಮಡಿಯ ಪಾದರಕ್ಷೆ ತೇಗದ ನೆಲದ ಮೇಲೆ ಗುರುತು ಬಿಡುತ್ತವೆ.

ತೇಗದ ಹಿರಿಮೆ ಇರುವುದು ಬೇರೆಡೆ. ಅದರ ಸ್ವಾಭಾವಿಕ ಎಣ್ಣೆ ಗೆದ್ದಲನ್ನೂ ತೇವವನ್ನೂ ದೂರವಿಡುತ್ತದೆ. ಹವೆ ಬದಲಾದಾಗ ಅದು ಹಿಗ್ಗುವುದು, ಕುಗ್ಗುವುದು ಕಡಿಮೆ. ಅಡ್ಡಕೊಯ್ತದ 100 ಮಿ.ಮೀ. ಅಗಲದ ಪಟ್ಟಿಯೊಂದರ ತೇವಾಂಶ ಶೇ. 6ರಿಂದ ಶೇ. 14ಕ್ಕೆ ಏರಿದರೆ ಕೆಂಪು ಓಕ್ ಸುಮಾರು 3 ಮಿ.ಮೀ. ಹಿಗ್ಗುತ್ತದೆ, ತೇಗ ಅದರ ಅರ್ಧದಷ್ಟು. ಒಂದು ಪಟ್ಟಿಗೆ 3 ಮಿ.ಮೀ. ಎಂದರೆ ಅಲ್ಪವೆನಿಸಬಹುದು. ಅಂಥ ಪಟ್ಟಿಗಳು ಒಂದು ಮೀಟರಿಗೆ ಹತ್ತು, ಹತ್ತು ಅಡಿ ಅಗಲದ ಕೋಣೆಗೆ ಮೂವತ್ತು ಎಂಬುದನ್ನು ಗುಣಿಸಿ ನೋಡಿದರೆ ಗೋಡೆಯಿಂದ ಗೋಡೆಗೆ ಒತ್ತಿ ಕೂಡಿಸಿದ ಓಕ್ ನೆಲ ಏಕೆ ಮೇಲೆದ್ದು ನಿಲ್ಲುತ್ತದೆ ಎಂಬುದು ಅರ್ಥವಾಗುತ್ತದೆ.

ಆದರೆ ಇಂದು ಮಾರುಕಟ್ಟೆಯಲ್ಲಿ ಸಿಗುವ ತೇಗವೆಲ್ಲ ಒಂದೇ ಅಲ್ಲ. ದಾಂಡೇಲಿಯಂಥ ಅರಣ್ಯ ಇಲಾಖೆಯ ಮರದ ಡಿಪೋಗಳ ಹರಾಜಿನಲ್ಲಿ ಬರುವ ಹಳೆಯ ಮರದ ತಿರುಳಿಗೂ, ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ನೆಡುತೋಪುಗಳಿಂದ ಎಳೆಯ ವಯಸ್ಸಿನಲ್ಲಿ ಕಡಿದು ತರುವ ತೇಗಕ್ಕೂ ಅಂತರವಿದೆ. ಎಳೆಯ ಮರದಲ್ಲಿ ಬಿಳಿ ಹೊರಮರದ ಪಾಲು ಹೆಚ್ಚು, ಎಣ್ಣೆ ಕಡಿಮೆ. ಗೆದ್ದಲಿಗೆ ಆ ಬಿಳಿಭಾಗ ಪ್ರಿಯವಾದ ಆಹಾರ. ‘ತೇಗ’ ಎಂದಷ್ಟೇ ಬರೆದು ಮಾರುವುದಕ್ಕಿಂತ ಯಾವ ದೇಶದ, ಯಾವ ಬಗೆಯ ತೇಗ ಎಂದು ಬರೆದು ಮಾರುವುದು ವರ್ತಕರಿಗೇ ಕ್ಷೇಮ. ಸಂಶಯವಿದ್ದಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಜಾತಿಯನ್ನು ಗುರುತಿಸಿಕೊಡುವ ಸೌಲಭ್ಯವಿದೆ. ಸದಸ್ಯ ವರ್ತಕರು ಇದನ್ನು ಬಳಸಿಕೊಳ್ಳುವುದು ಒಳಿತು.

ಇವೆರಡರ ನಡುವೆ ನಿಂತಿರುವುದು ಎಂಜಿನಿಯರ್ಡ್ ಹಲಗೆ. ಸ್ವೀಡನ್ನಿನ ಕಾರ್ಸ್ ಸಂಸ್ಥೆ 1941ರಲ್ಲಿಯೇ ಇದಕ್ಕೆ ಹಕ್ಕುಸ್ವಾಮ್ಯ ಪಡೆದಿತ್ತು. ಪದರಗಳ ಎಳೆಗಳನ್ನು ಅಡ್ಡಡ್ಡವಾಗಿ ಅಂಟಿಸುವುದರಿಂದ ಹಿಗ್ಗು, ಕುಗ್ಗು ಬಹಳ ಕಡಿಮೆ. ಮೇಲಿನ ಮರದ ಪದರ 3ರಿಂದ 4 ಮಿ.ಮೀ. ಇದ್ದರೆ ಇಡೀ ಮರದ ಬಹುತೇಕ ಗುಣಗಳು ದೊರೆಯುತ್ತವೆ. ಅರ್ಧ ಮಿಲಿಮೀಟರಿನ ಪದರವಾದರೆ ಅದು ಹೆಸರಿಗೆ ಮಾತ್ರ ಮರ. ಅದಕ್ಕಿಂತ ಒಳ್ಳೆಯ ಲ್ಯಾಮಿನೇಟೇ ಮೇಲು.

ಎಲ್ಲವನ್ನೂ ನಿರ್ಧರಿಸುವುದು ನೀರು

ಯೂರೋಪಿನ ಕೈಪಿಡಿಗಳನ್ನು ಓದಿ ಈ ಸರಕನ್ನು ಮಾರುವವರು ಮರೆಯುವ ಸಂಗತಿ ಒಂದಿದೆ. ಅಲ್ಲಿಯ ಮನೆಗಳಲ್ಲಿ ನೆಲವನ್ನು ಗುಡಿಸುತ್ತಾರೆ, ಧೂಳು ಹೀರುವ ಯಂತ್ರದಿಂದ ಎಳೆಯುತ್ತಾರೆ. ಇಲ್ಲಿ ದಿನವೂ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಹಬ್ಬದ ಮುನ್ನಾದಿನ ಬಕೆಟ್ಟಿನಲ್ಲಿ ನೀರು ಸುರಿದು ತೊಳೆಯುವುದೂ ಉಂಟು. ಮನೆಕೆಲಸದವರ ಕೈಯಲ್ಲಿರುವ ಬಟ್ಟೆಯನ್ನು ಎಷ್ಟು ಹಿಂಡಬೇಕೆಂಬುದನ್ನು ಯಾವ ತಯಾರಕರ ಖಾತರಿಪತ್ರವೂ ನಿಯಂತ್ರಿಸಲಾರದು. ಆ ಪತ್ರದಲ್ಲಿ ‘ನಿಂತ ನೀರಿನಿಂದಾದ ಹಾನಿಗೆ ಖಾತರಿ ಇಲ್ಲ’ ಎಂಬ ಸಾಲು ಮಾತ್ರ ತಪ್ಪದೆ ಇರುತ್ತದೆ.

ನೀರಿನ ವಿಷಯದಲ್ಲಿ ಎರಡೂ ಸರಕುಗಳು ದುರ್ಬಲವೇ. ಆದರೆ ದೌರ್ಬಲ್ಯದ ಬಗೆ ಬೇರೆ. ಗಟ್ಟಿಮರ ತೇವ ಹೀರಿದರೆ ಅಂಚುಗಳು ಎದ್ದು ಹಲಗೆ ಬಟ್ಟಲಿನಂತೆ ಬಾಗುತ್ತದೆ. ತೇವದ ಮೂಲವನ್ನು ನಿಲ್ಲಿಸಿ ನಿಧಾನವಾಗಿ ಒಣಗಲು ಬಿಟ್ಟರೆ ಬಹುಮಟ್ಟಿಗೆ ಮರಳಿ ನೇರವಾಗುತ್ತದೆ. ಉಳಿದುದನ್ನು ಹೊಳಪು ಯಂತ್ರದಿಂದ ತೆಗೆಯಬಹುದು. ಲ್ಯಾಮಿನೇಟಿನ ಮೇಲ್ಮೈ ನೀರನ್ನು ಒಳಬಿಡುವುದಿಲ್ಲ, ಆದರೆ ಜೋಡಣೆಯ ಸಂದಿನಿಂದ ಇಳಿದ ನೀರು ನಾರುಹಲಗೆಯನ್ನು ಸೇರಿದರೆ ಅಂಚು ಉಬ್ಬುತ್ತದೆ. ಒಮ್ಮೆ ಉಬ್ಬಿದ ನಾರುಹಲಗೆ ಒಣಗಿದರೂ ಇಳಿಯುವುದಿಲ್ಲ. ಉಜ್ಜಿ ಸಮ ಮಾಡೋಣವೆಂದರೆ ಮೇಲಿರುವುದು ಕಾಗದ. ಆ ಹಲಗೆಯನ್ನು ಬದಲಿಸುವುದೊಂದೇ ದಾರಿ. ಇತ್ತೀಚಿನ ವರ್ಷಗಳಲ್ಲಿ ಸಂದುಗಳಿಗೆ ಮೇಣ ಸವರಿದ, ನೀರನ್ನು ಕೆಲವು ಗಂಟೆಗಳ ಕಾಲ ತಡೆಯುವ ಲ್ಯಾಮಿನೇಟುಗಳು ಬಂದಿವೆ. ಅವುಗಳ ಖಾತರಿ ಎಷ್ಟು ಗಂಟೆಗೆ ಎಂಬುದನ್ನು ಓದಿ ಹೇಳಿದರೆ ಮುಂದಿನ ಜಗಳ ತಪ್ಪುತ್ತದೆ.

ಗಾಳಿಯ ತೇವದ ಕಥೆಯೂ ಇದಕ್ಕಿಂತ ಕಡಿಮೆಯದಲ್ಲ. ಮರ ತಾನಿರುವ ಗಾಳಿಯೊಡನೆ ಹೊಂದಿಕೊಂಡು ತನ್ನ ತೇವಾಂಶವನ್ನು ನಿರ್ಧರಿಸಿಕೊಳ್ಳುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 30ರ ಆಸುಪಾಸಿನಲ್ಲಿದ್ದರೆ ಮರದ ತೇವಾಂಶ ಸುಮಾರು ಶೇ. 6ಕ್ಕೆ ಇಳಿಯುತ್ತದೆ, ಆರ್ದ್ರತೆ ಶೇ. 80 ದಾಟಿದರೆ ಶೇ. 16ನ್ನೂ ಮೀರುತ್ತದೆ. ಬಯಲುಸೀಮೆಯ ಮಾರ್ಚ್ ತಿಂಗಳ ಮಧ್ಯಾಹ್ನಕ್ಕೂ ಮಂಗಳೂರಿನ ಜುಲೈಗೂ ಇರುವ ಅಂತರ ಇದೇ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 287 ಕೂಡ ದೇಶವನ್ನು ಆರ್ದ್ರತೆಯ ಆಧಾರದ ಮೇಲೆ ನಾಲ್ಕು ವಲಯಗಳಾಗಿ ವಿಂಗಡಿಸಿ, ಯಾವ ವಲಯದಲ್ಲಿ ಮರದ ತೇವಾಂಶ ಎಷ್ಟಿರಬಹುದೆಂದು ಸೂಚಿಸುತ್ತದೆ. ಹುಬ್ಬಳ್ಳಿಯ ಗೋದಾಮಿನಲ್ಲಿ ಬೇಸಗೆಯಿಡೀ ಒಣಗಿದ ಪಟ್ಟಿಗಳನ್ನು ಜೂನ್ ತಿಂಗಳಲ್ಲಿ ಕಾರವಾರಕ್ಕೆ ಒಯ್ದು ಮರುದಿನವೇ ಜೋಡಿಸಿದರೆ ಆಗುವ ಅನಾಹುತಕ್ಕೆ ಮರವನ್ನು ಹೊಣೆ ಮಾಡಲಾಗದು.

ಆದುದರಿಂದ ಪೆಟ್ಟಿಗೆಗಳನ್ನು ಹಾಕುವ ಕೋಣೆಯಲ್ಲಿಯೇ ಇಟ್ಟು ಹೊಂದಿಕೊಳ್ಳಲು ಬಿಡಬೇಕು. ಲ್ಯಾಮಿನೇಟಿಗೆ 48 ಗಂಟೆ ಸಾಕು. ಇಡೀ ಮರಕ್ಕೆ ಗಡಿಯಾರ ನೋಡಿ ಹೇಳುವಂತಿಲ್ಲ, ತೇವಮಾಪಕವನ್ನೇ ನೋಡಬೇಕು. ನೆಲದ ಕಾಂಕ್ರೀಟ್ ಹೊಸದಾಗಿದ್ದರೆ ಒಂದಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಒಣಗಲು ಬೇಕೆಂಬುದು ರೂಢಿಯ ಲೆಕ್ಕ. ಹಳೆಯ ನೆಲವಾದರೂ ಕೆಳಅಂತಸ್ತಿನದಾದರೆ ಪರೀಕ್ಷೆ ಬಿಡಬಾರದು: ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ದಿನ ಬಿಟ್ಟು ತೆಗೆದಾಗ ಒಳಗೆ ಹನಿ ಕಂಡರೆ ಅಥವಾ ನೆಲದ ಬಣ್ಣ ಕಪ್ಪಾಗಿದ್ದರೆ, ಆ ನೆಲಕ್ಕೆ ಎರಡರಲ್ಲಿ ಯಾವುದನ್ನೂ ಮಾರಬಾರದು. ಕರಾವಳಿಯ ಕೆಳಅಂತಸ್ತಿನ ಮನೆಗಳಿಗಂತೂ ಮರದ ನೆಲ ಬೇಡವೆಂದು ಹೇಳುವ ಧೈರ್ಯ ವರ್ತಕರಿಗಿರಬೇಕು. ಅಂಥಲ್ಲಿ ಮರದ ನೋಟವೇ ಬೇಕೆಂದರೆ ಕಲ್ಲಿನ ಪುಡಿ ಬೆರೆಸಿದ ಗಡಸು ವಿನೈಲ್ ಹಲಗೆಯೋ, ಮರದ ಮುದ್ರಣವಿರುವ ವಿಟ್ರಿಫೈಡ್ ಟೈಲ್ಸೋ ಇವೆ. ಕಳೆದ ಹತ್ತು ವರ್ಷಗಳಲ್ಲಿ ಲ್ಯಾಮಿನೇಟಿನ ಮಾರುಕಟ್ಟೆಯನ್ನು ಹೆಚ್ಚು ಕೆಣಕುತ್ತಿರುವುದು ಗಟ್ಟಿಮರವಲ್ಲ, ಈ ವಿನೈಲ್ ಹಲಗೆಯೇ.

ನವೀಕರಣದ ತೊಡಕುಗಳು

ಹೊಸ ಮನೆಯಲ್ಲಿ ನೆಲದ ಎತ್ತರವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬಹುದು. ಹಳೆಯ ಮನೆಯಲ್ಲಿ ಬಾಗಿಲು, ಹೊಸ್ತಿಲು, ಅಡುಗೆಮನೆಯ ಕಟ್ಟೆ ಎಲ್ಲವೂ ಆಗಲೇ ನಿಂತಿರುತ್ತವೆ. ಫೋಮ್ ಹಾಳೆಯೂ ಸೇರಿದಂತೆ 8 ಮಿ.ಮೀ. ಲ್ಯಾಮಿನೇಟ್ ನೆಲವನ್ನು ಎತ್ತರಿಸುವುದು 10ರಿಂದ 11 ಮಿ.ಮೀ. ಮಾತ್ರ. ಬಾಗಿಲಿನ ತಳವನ್ನು ಸ್ವಲ್ಪ ಕೊಯ್ದರೆ ಸಾಕು. 18 ಮಿ.ಮೀ. ಗಟ್ಟಿಮರವನ್ನು 12 ಮಿ.ಮೀ. ಪ್ಲೈವುಡ್ಡಿನ ಮೇಲೆ ಹೊಡೆದರೆ 30 ಮಿ.ಮೀ. ಏರುತ್ತದೆ, ರೀಪುಗಳ ಮೇಲೆ ಕೂಡಿಸಿದರೆ ಅದಕ್ಕೂ ಹೆಚ್ಚು. ಬಾಗಿಲುಗಳನ್ನೇನೋ ಕೊಯ್ಯಬಹುದು. ಪೂಜೆ ಸಲ್ಲುವ ಹೊಸ್ತಿಲು ನೆಲಕ್ಕೆ ಸಮವಾಗಿ ಹುಗಿದುಹೋಗುವುದನ್ನು ಮನೆಯ ಹಿರಿಯರು ಒಪ್ಪುವುದಿಲ್ಲ. ಈ ಒಂದು ಕಾರಣಕ್ಕೆ, ಬೆಲೆಯ ಮಾತಿಗೆ ಬರುವ ಮೊದಲೇ, ನವೀಕರಣದಲ್ಲಿ ಗಟ್ಟಿಮರ ಅನೇಕ ಕಡೆ ಸೋಲುತ್ತದೆ.

ಎರಡನೆಯದು ನೆಲದ ಮಟ್ಟ. ತೊಳೆಯುವ ರೂಢಿಯಿದ್ದ ಹಳೆಯ ಮನೆಗಳಲ್ಲಿ ನೀರು ಹರಿದುಹೋಗಲೆಂದು ನೆಲವನ್ನು ಬಾಗಿಲಿನ ಕಡೆಗೆ ಇಳಿಜಾರಾಗಿ ಹಾಕಿರುತ್ತಾರೆ. ಇಳಿಜಾರಿನಿಂದ ಲ್ಯಾಮಿನೇಟಿಗೆ ತೊಂದರೆಯಿಲ್ಲ, ಉಬ್ಬುತಗ್ಗಿನಿಂದ ತೊಂದರೆ. ಎರಡು ಮೀಟರ್ ಉದ್ದದ ನೇರಪಟ್ಟಿಯನ್ನು ನೆಲದ ಮೇಲಿಟ್ಟಾಗ ಅದರಡಿ 3 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ ಮೊದಲು ನೆಲವನ್ನು ಸರಿಪಡಿಸಬೇಕು. ಇಲ್ಲವಾದರೆ ಕಾಲಿಟ್ಟಲ್ಲೆಲ್ಲ ಹಲಗೆ ಬಾಗಿ, ಕ್ಲಿಕ್ಕಿನ ನಾಲಿಗೆ ಮುರಿಯುತ್ತದೆ. ಇದರ ವೆಚ್ಚವನ್ನು ಮೊದಲ ಅಂದಾಜಿನಲ್ಲಿಯೇ ಬೇರೆ ಸಾಲಾಗಿ ತೋರಿಸದೆ ‘ಚದರ ಅಡಿಗೆ ಇಷ್ಟು, ಎಲ್ಲವೂ ಸೇರಿ’ ಎಂದು ಒಪ್ಪಿಕೊಂಡ ವರ್ತಕರು ಕೊನೆಗೆ ಅದನ್ನು ಕೈಯಿಂದ ಭರಿಸಬೇಕಾಗುತ್ತದೆ.

ಗೋಡೆಯ ಸುತ್ತ 8ರಿಂದ 10 ಮಿ.ಮೀ. ಜಾಗ ಬಿಡಬೇಕೆಂಬುದು ಎಲ್ಲರಿಗೂ ಗೊತ್ತಿರುವ ನಿಯಮ, ಎಲ್ಲರೂ ಮುರಿಯುವ ನಿಯಮ. ಭಾರವಾದ ಬೀರುವನ್ನು ತೇಲುನೆಲದ ಮೇಲೆ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದರೂ ಅದೇ ಪರಿಣಾಮ. ನೆಲಕ್ಕೆ ಹಿಗ್ಗಲು ದಾರಿಯಿಲ್ಲದೆ ನಡುವೆ ಏಳುತ್ತದೆ. ಬಹುಮಹಡಿ ವಸತಿಗಳಲ್ಲಿ ಇನ್ನೊಂದು ದೂರು ಕೆಳಗಿನ ಮನೆಯಿಂದ ಬರುತ್ತದೆ. ಅಗ್ಗದ ಫೋಮ್ ಮೇಲಿನ ಲ್ಯಾಮಿನೇಟ್ ಹೆಜ್ಜೆಯ ಸದ್ದನ್ನು ತಡೆಯುವುದಕ್ಕಿಂತ ಹೆಚ್ಚಿಸುವುದೇ ಉಂಟು.

ಅಳತೆಯ ವಿಷಯ. 12 ಅಡಿಗೆ 15 ಅಡಿಯ ಕೋಣೆ 180 ಚದರ ಅಡಿ. ನೇರ ಜೋಡಣೆಗೆ ಶೇ. 10ರಷ್ಟು ಕೊಯ್ತದ ನಷ್ಟ ಸೇರಿಸಿದರೆ 198. ಹಾವಿನ ನಡೆಯಂತೆ ಓರೆಯಾಗಿ ಜೋಡಿಸುವ ವಿನ್ಯಾಸಕ್ಕೆ ಶೇ. 15ರ ಲೆಕ್ಕದಲ್ಲಿ 207. ಇದಕ್ಕೆ ಮೇಲಾಗಿ ಒಂದು ಪೆಟ್ಟಿಗೆಯನ್ನು ಗ್ರಾಹಕರೇ ಕೊಂಡು ಅಟ್ಟದ ಮೇಲೆ ಇಟ್ಟುಕೊಳ್ಳುವಂತೆ ಒತ್ತಾಯಿಸಬೇಕು. ಲ್ಯಾಮಿನೇಟಿನ ವಿನ್ಯಾಸಗಳು ಸೀರೆಯ ಅಂಚಿನಂತೆ ಬೇಗ ಬದಲಾಗುತ್ತವೆ. ನಾಲ್ಕು ವರ್ಷದ ನಂತರ ಐದು ಹಲಗೆ ಬದಲಿಸಬೇಕಾದಾಗ ಅದೇ ಬಣ್ಣ, ಅದೇ ಕ್ಲಿಕ್ ಸಿಗದೆ ಇಡೀ ಕೋಣೆಯನ್ನು ಕೀಳಬೇಕಾದ ಪ್ರಸಂಗಗಳು ಈ ವ್ಯಾಪಾರದಲ್ಲಿ ಅಪರೂಪವಲ್ಲ.

ಬೆಲೆ ಮತ್ತು ಬಾಳಿಕೆ

ಗಟ್ಟಿಮರ ದುಬಾರಿ, ಲ್ಯಾಮಿನೇಟ್ ಅಗ್ಗ ಎಂಬ ಮಾತು ಮೊದಲ ದಿನಕ್ಕೆ ಸತ್ಯ. 18 ಮಿ.ಮೀ. ಪಟ್ಟಿಯಲ್ಲಿ ನಾಲಿಗೆಯ ಮೇಲೆ ಉಜ್ಜಲು ದೊರೆಯುವ ಮರ ಸುಮಾರು 5ರಿಂದ 6 ಮಿ.ಮೀ. ಪ್ರತಿ ಬಾರಿ ಒಂದು ಮಿಲಿಮೀಟರ್ ತೆಗೆದರೂ ಆ ನೆಲವನ್ನು ನಾಲ್ಕೈದು ಬಾರಿ ಹೊಸದರಂತೆ ಮಾಡಬಹುದು. ಲ್ಯಾಮಿನೇಟನ್ನು ಒಮ್ಮೆಯೂ ಉಜ್ಜುವಂತಿಲ್ಲ. ಗಟ್ಟಿಮರದ ವೆಚ್ಚ ಲ್ಯಾಮಿನೇಟಿನ ಮೂರು ಪಟ್ಟು ಎಂದಿಟ್ಟುಕೊಂಡು, ಲ್ಯಾಮಿನೇಟನ್ನು ಹದಿನೈದು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಊಹಿಸಿದರೆ, ನಲವತ್ತೈದು ವರ್ಷಗಳಲ್ಲಿ ಎರಡೂ ಸರಿಸಮವಾಗುತ್ತವೆ. ಆದರೆ ಗಟ್ಟಿಮರವನ್ನು ಆಗಾಗ ಉಜ್ಜಿ ಪಾಲಿಶ್ ಮಾಡಿಸುವ ಖರ್ಚು ಈ ಲೆಕ್ಕದಲ್ಲಿಲ್ಲ. ಮೊದಲೇ ತೊಡಗಿಸಿದ ಹಣದ ಬಡ್ಡಿಯೂ ಇಲ್ಲ. ಲೆಕ್ಕ ಬಲ್ಲ ವರ್ತಕರಿಗೆ ಬಡ್ಡಿಯ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಬಾಡಿಗೆಗೆ ಕೊಡುವ ಮನೆಗೆ, ಹತ್ತು ವರ್ಷದಲ್ಲಿ ಮತ್ತೆ ಬದಲಿಸುವ ಮನಸ್ಸಿರುವ ಮನೆಗೆ ಗಟ್ಟಿಮರ ಹಾಕಿಸುವುದು ಹಣದ ದೃಷ್ಟಿಯಿಂದ ವಿವೇಕವಲ್ಲ. ಮೂರು ತಲೆಮಾರು ಬಾಳಬೇಕಾದ ಸ್ವಂತ ಮನೆಯ ಮೇಲಂತಸ್ತಿಗೆ, ಅದರಲ್ಲೂ ಮನೆಯವರದೇ ಹಳೆಯ ಮರವಿದ್ದಲ್ಲಿ, ಲ್ಯಾಮಿನೇಟ್ ಹಾಕಿಸುವುದೂ ಅಷ್ಟೇ ಅವಿವೇಕ.

ಮರ ಎಲ್ಲಿಯದು?

ಮರದ ವ್ಯಾಪಾರದ ಇಂದಿನ ಸ್ಥಿತಿಯ ಹಿಂದೆ 1996ರ ಡಿಸೆಂಬರ್ 12ರ ಸರ್ವೋಚ್ಚ ನ್ಯಾಯಾಲಯದ ಆದೇಶವಿದೆ. ಗೋದಾವರ್ಮನ್ ಪ್ರಕರಣವೆಂದು ಹೆಸರಾದ ಆ ಆದೇಶದ ನಂತರ ಕಾಡಿನ ಕಡಿತಕ್ಕೂ ಪರವಾನಗಿಯಿಲ್ಲದ ಮರಕೊಯ್ಯುವ ಮಿಲ್ಲುಗಳಿಗೂ ಕಡಿವಾಣ ಬಿತ್ತು. ಆಮದು ದಿಮ್ಮಿಗಳೇ ಉದ್ಯಮಕ್ಕೆ ಆಧಾರವಾದವು. 2014ರ ಏಪ್ರಿಲ್ 1ರಿಂದ ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. 2021ರಲ್ಲಿ ಅಲ್ಲಿನ ಸರ್ಕಾರಿ ಮರದ ಸಂಸ್ಥೆಯ ಮೇಲೆ ಅಮೆರಿಕ ಹಾಗೂ ಯೂರೋಪಿನ ಒಕ್ಕೂಟ ನಿರ್ಬಂಧ ಹೇರಿದವು. ಬರ್ಮಾ ತೇಗದಿಂದ ಸಿದ್ಧಪಡಿಸಿದ ಸರಕನ್ನು ಆ ದೇಶಗಳಿಗೆ ರಫ್ತು ಮಾಡುವವರಿಗೆ ಈ ಸಂಗತಿ ಮುಖ್ಯ. ಬೀಟೆಯೂ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ 2017ರ ಜನವರಿಯಿಂದ ಅಂತರರಾಷ್ಟ್ರೀಯ ‘ಸೈಟ್ಸ್’ ಒಪ್ಪಂದದ ನಿಯಂತ್ರಣದಲ್ಲಿವೆ.

ಲ್ಯಾಮಿನೇಟಿನ ಪರವಾಗಿ ಹೇಳಬಹುದಾದ ಒಳ್ಳೆಯ ಮಾತು ಇಲ್ಲಿಯೇ ಬರುತ್ತದೆ. ಅದರ ನಾರುಹಲಗೆಗೆ ಕಾಡಿನ ಮರ ಬೇಕಿಲ್ಲ. ರೈತರು ಹೊಲದಂಚಿನಲ್ಲಿ ಬೆಳೆದ ಬೇಗ ಬೆಳೆಯುವ ಮರಗಳ ತುಂಡುಗಳೇ ಸಾಕು. ಉತ್ತರಾಖಂಡ, ಆಂಧ್ರಪ್ರದೇಶಗಳಲ್ಲಿ ನಡೆಯುತ್ತಿರುವ ದೊಡ್ಡ ನಾರುಹಲಗೆ ಕಾರ್ಖಾನೆಗಳು ಇಂಥ ಮರವನ್ನೇ ನಂಬಿವೆ.

ಆದರೆ ನಾರನ್ನು ಬಂಧಿಸುವ ರಾಳದಲ್ಲಿ ಫಾರ್ಮಾಲ್ಡಿಹೈಡ್ ಇದೆ. ಅದು ಅನಿಲವಾಗಿ ಹೊರಸೂಸುವ ಪ್ರಮಾಣದ ಮೇಲೆ ಹಲಗೆಗೆ ‘ಇ1’ ಮುಂತಾದ ದರ್ಜೆ ದೊರೆಯುತ್ತದೆ. ಈ ವಿಷಯದಲ್ಲಿ ಅಮೆರಿಕದ ಲಂಬರ್ ಲಿಕ್ವಿಡೇಟರ್ಸ್ ಸಂಸ್ಥೆಯ ಕಥೆ ಪ್ರತಿಯೊಬ್ಬ ಆಮದುದಾರರೂ ತಿಳಿದಿರಬೇಕಾದುದು. ನೆಲಹಾಸಿನ ಮಾರಾಟದಲ್ಲಿಯೇ ಬೆಳೆದ ಆ ಸಂಸ್ಥೆ ಚೀನಾದಿಂದ ತರಿಸಿದ ಲ್ಯಾಮಿನೇಟಿನಲ್ಲಿ ಫಾರ್ಮಾಲ್ಡಿಹೈಡ್ ಮಿತಿ ಮೀರಿದೆಯೆಂದು 2015ರ ಮಾರ್ಚ್‌ನಲ್ಲಿ ದೂರದರ್ಶನದ ತನಿಖಾ ಕಾರ್ಯಕ್ರಮವೊಂದು ಬಯಲು ಮಾಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಸಂಸ್ಥೆ ಆ ಸರಕಿನ ಮಾರಾಟ ನಿಲ್ಲಿಸಿತು. ಗ್ರಾಹಕರ ದಾವೆಗಳನ್ನು 2017ರಲ್ಲಿ 3.6 ಕೋಟಿ ಡಾಲರಿಗೆ ಇತ್ಯರ್ಥಪಡಿಸಿಕೊಂಡಿತು. ಹೂಡಿಕೆದಾರರಿಗೆ ಇದೇ ವಿಷಯದಲ್ಲಿ ತಪ್ಪು ಮಾಹಿತಿ ನೀಡಿದ್ದಕ್ಕಾಗಿ 2019ರಲ್ಲಿ 3.3 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಗಟ್ಟಿಮರದಲ್ಲಿಯೂ ಅದು ಸಿಕ್ಕಿಬಿದ್ದಿತ್ತು: ರಷ್ಯಾದ ಪೂರ್ವಭಾಗದಲ್ಲಿ ಅಕ್ರಮವಾಗಿ ಕಡಿದ ಓಕ್ ಮರದ ನೆಲಹಾಸನ್ನು ಚೀನಾದ ಮೂಲಕ ತರಿಸಿದ ಅಪರಾಧಕ್ಕೆ 2016ರ ಫೆಬ್ರವರಿಯಲ್ಲಿ 1.3 ಕೋಟಿ ಡಾಲರಿಗೂ ಹೆಚ್ಚು ತೆರುವಂತಾಯಿತು. ಹೆಸರು ಬದಲಿಸಿಕೊಂಡ ಆ ಸಂಸ್ಥೆ 2024ರ ಆಗಸ್ಟ್‌ನಲ್ಲಿ ದಿವಾಳಿಯ ಅರ್ಜಿ ಸಲ್ಲಿಸಿತು. ದಿವಾಳಿಗೆ ಮಾರುಕಟ್ಟೆಯ ಇತರ ಕಾರಣಗಳೂ ಇದ್ದವೆನ್ನಿ. ಆದರೆ ಅಗ್ಗದ ಸರಕಿನ ಪೆಟ್ಟಿಗೆಯ ಮೇಲಿನ ಮುದ್ರೆಯನ್ನು ಪರೀಕ್ಷಿಸದೆ ನಂಬಿದ್ದಕ್ಕೆ ಅದು ತೆತ್ತ ಬೆಲೆ ದಾಖಲೆಯಲ್ಲಿದೆ.

ಬಿಲ್ಲು, ಖಾತರಿ, ಹೊಣೆ

2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಸರಕಿನ ದೋಷಕ್ಕೆ ತಯಾರಕರಷ್ಟೇ ಅಲ್ಲ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರರೂ ಹೊಣೆ. ತಯಾರಕರು ಕೊಡದ ಭರವಸೆಯನ್ನು ಮಾರಾಟಗಾರರು ತಾವಾಗಿ ಕೊಟ್ಟು, ಸರಕು ಅದಕ್ಕೆ ತಕ್ಕಂತಿಲ್ಲದೆ ಹಾನಿಯಾದುದು ಅಂಥ ಸಂದರ್ಭಗಳಲ್ಲಿ ಒಂದು. ‘ನೀರು ಬಿದ್ದರೂ ಏನೂ ಆಗುವುದಿಲ್ಲ ಸ್ವಾಮಿ’ ಎಂದು ಗಲ್ಲೆಯ ಮೇಲೆ ಕುಳಿತು ಹೇಳುವ ಮಾತಿಗೆ ಈಗ ತೂಕ ಬಂದಿದೆ. ‘15 ವರ್ಷ ಖಾತರಿ’ ಎಂಬ ದಪ್ಪಕ್ಷರದ ಕೆಳಗೆ ಸಾಮಾನ್ಯವಾಗಿ ಇರುವುದು ಮೇಲ್ಪದರ ಸವೆದು ಚಿತ್ರ ಅಳಿಸಿಹೋಗುವುದರ ಖಾತರಿ ಮಾತ್ರ. ಉಬ್ಬುವಿಕೆ, ಗೆದ್ದಲು, ಜೋಡಣೆಯ ದೋಷ ಅದರಲ್ಲಿ ಸೇರಿರುವುದಿಲ್ಲ.

ಬಿಲ್ಲಿನಲ್ಲಿ ಸರಕಿನ ಸಂಕೇತ ಸಂಖ್ಯೆಯನ್ನೂ ಸರಿಯಾಗಿ ಬರೆಯಬೇಕು. ನಾರುಹಲಗೆಯ ಲ್ಯಾಮಿನೇಟ್ 4411ರಲ್ಲಿ, ನಾಲಿಗೆ ತೋಡಿದ ಇಡೀ ಮರದ ಪಟ್ಟಿ 4409ರಲ್ಲಿ, ಜೋಡಿಸಿದ ಪದರಹಲಗೆ 4418ರಲ್ಲಿ ಬರುತ್ತವೆ. ಎಲ್ಲವನ್ನೂ ‘ವುಡನ್ ಫ್ಲೋರಿಂಗ್’ ಎಂದು ಒಂದೇ ಸಂಖ್ಯೆಯಡಿ ಬರೆಯುವ ಅಭ್ಯಾಸ ತೆರಿಗೆ ಅಧಿಕಾರಿಗಳ ಮುಂದೆಯೂ ಗ್ರಾಹಕರ ಆಯೋಗದ ಮುಂದೆಯೂ ವರ್ತಕರ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಸಣ್ಣ ಉದ್ದಿಮೆದಾರರಿಗೆ ಇರುವ ಎಡೆ

ಲ್ಯಾಮಿನೇಟ್ ತಯಾರಿಕೆ ಸಣ್ಣ ಘಟಕಗಳ ಶಕ್ತಿಗೆ ಮೀರಿದ್ದು. ಆದರೆ ಅದರ ಸುತ್ತ ಬೇಕಾಗುವ ಸರಕುಗಳು ಹಾಗಲ್ಲ. ಗೋಡೆಯಂಚಿನ ಸ್ಕರ್ಟಿಂಗ್ ಪಟ್ಟಿ, ಎರಡು ಕೋಣೆಗಳ ನಡುವಿನ ಟಿ-ಪಟ್ಟಿ, ಎತ್ತರ ಇಳಿಯುವಲ್ಲಿ ಕೂಡಿಸುವ ಓರೆಪಟ್ಟಿ, ಮೆಟ್ಟಿಲಿನ ಮೂಗುಪಟ್ಟಿ ಇವುಗಳನ್ನು ಸ್ಥಳೀಯವಾಗಿ ಮಾಡಿಕೊಡುವವರಿದ್ದರೆ ವರ್ತಕರು ದೂರದಿಂದ ತರಿಸುವುದಿಲ್ಲ.

ಇದಕ್ಕಿಂತ ದೊಡ್ಡ ಎಡೆ ಇರುವುದು ಮರವನ್ನು ಒಣಗಿಸುವ ಕೆಲಸದಲ್ಲಿ. ನೆಲಹಾಸಿನ ಪಟ್ಟಿಯ ತೇವಾಂಶ ಶೇ. 8ರಿಂದ 12ರೊಳಗಿರಬೇಕು. ಬಿಸಿಲಿನಲ್ಲಿ ಪೇರಿಸಿ ಒಣಗಿಸಿದ ಮರ ಮಳೆಗಾಲದಲ್ಲಿ ಆ ಮಟ್ಟಕ್ಕೆ ಇಳಿಯುವುದಿಲ್ಲ; ಒಲೆಕೋಣೆಯ ಸಂಸ್ಕರಣೆ ಅನಿವಾರ್ಯ. ಒಂದೊಂದು ಮಿಲ್ಲಿಗೆ ಇದು ಹೊರೆಯಾದರೂ, ಒಂದು ಕೈಗಾರಿಕಾ ವಸಾಹತಿನ ನಾಲ್ಕಾರು ಮಿಲ್ಲುಗಳು ಸೇರಿ ಕೂಲಿಯ ಮೇಲೆ ನಡೆಸಬಹುದಾದ ಒಲೆಕೋಣೆ ಕಾರ್ಯಸಾಧ್ಯವೇ. ಮಲೆನಾಡಿನಲ್ಲಿ ಕಳಚುತ್ತಿರುವ ಹಳೆಯ ಮನೆಗಳ ತೊಲೆ, ಕಂಬ, ಹಲಗೆಗಳು ಇಂದು ಬಾಗಿಲು ಕಿಟಕಿಗಳಿಗೆ ಮಾರಾಟವಾಗುತ್ತಿವೆ. ದಶಕಗಳ ಕಾಲ ಹವೆಗೆ ಒಗ್ಗಿದ ಆ ಮರವನ್ನು 4 ಮಿ.ಮೀ. ಪದರಗಳಾಗಿ ಸೀಳಿ, ಕಾಫಿ ತೋಟಗಳ ಸಿಲ್ವರ್ ಓಕ್ ಪ್ಲೈವುಡ್ಡಿನ ಮೇಲೆ ಅಂಟಿಸಿದರೆ ಒಂದು ಘನ ಅಡಿ ಮರದಿಂದ 18 ಮಿ.ಮೀ. ಪಟ್ಟಿಗೆ ಹೋಲಿಸಿದರೆ ಎರಡು ಮೂರು ಪಟ್ಟು ಹೆಚ್ಚು ನೆಲ ಮುಚ್ಚಬಹುದು, ಗರಗಸದ ನಷ್ಟ ಕಳೆದೂ. ಹಳೆಯ ಮರದಲ್ಲಿ ಅಡಗಿರುವ ಮೊಳೆಗಳನ್ನು ಪತ್ತೆ ಮಾಡುವ ಲೋಹಶೋಧಕ ಯಂತ್ರವನ್ನು ಮೊದಲೇ ಕೊಂಡುಕೊಳ್ಳದವರು ಗರಗಸದ ಅಲಗುಗಳಿಗೆ ಅದಕ್ಕಿಂತ ಹೆಚ್ಚು ಸುರಿಯಬೇಕಾಗುತ್ತದೆ. ಮರ ತಂದ ಮನೆಯ ಕಾಗದಪತ್ರ ಹಾಗೂ ಅಗತ್ಯವಿದ್ದಲ್ಲಿ ಅರಣ್ಯ ಇಲಾಖೆಯ ಸಾಗಣೆ ರಹದಾರಿಯನ್ನು ಲಾರಿ ಹೊರಡುವ ಮೊದಲೇ ಪಡೆದಿರಬೇಕು. ತಪಾಸಣಾ ಠಾಣೆಯಲ್ಲಿ ಹಳೆಯ ತೇಗಕ್ಕೂ ಹೊಸ ತೇಗಕ್ಕೂ ಭೇದವೆಣಿಸುವವರಿಲ್ಲ.